ಪುಣೆಯಲ್ಲಿ ಸ್ಟುಡಿಯೋ ಹಾಕುವವರೇ, ಗೋಡೆಗೆ ದುಡ್ಡು ಸುರಿಯುವ ಮೊದಲು ಓದಿ

ಪುಣೆಯಲ್ಲಿ ಬಾಡಿಗೆ ಜಾಗ ಹಿಡಿದು ರೆಕಾರ್ಡಿಂಗ್ ಸ್ಟುಡಿಯೋ, ಫೋಟೋ ಸ್ಟುಡಿಯೋ, ಡ್ಯಾನ್ಸ್ ಕ್ಲಾಸ್ ಮಾಡಬೇಕು ಅಂತಿರುವ ನಮ್ಮ ಕನ್ನಡದವರಿಗೆ ಇದು. ಕರಾರು ರಿಜಿಸ್ಟರ್ ಆಗದೆ ಇಂಟೀರಿಯರ್‌ಗೆ ಕೈ ಹಾಕಬೇಡಿ.

ನಾನು ಮತ್ತು ಧಾರವಾಡದ ನನ್ನ ಗೆಳೆಯ ಕೋಥ್ರೂಡ್‌ನಲ್ಲಿ ಒಂದು ಅಂಗಡಿ ಹಿಡಿದೆವು. ಜಾಹೀರಾತಿಗೆ, ಆಡಿಯೋ ಪುಸ್ತಕಕ್ಕೆ ದನಿ ಕೊಡುವ ಕೆಲಸ ನಮ್ಮದು. ಮಾಲೀಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. "ಐದು ವರ್ಷ ಆರಾಮಾಗಿ ಇರಿ. 11 ತಿಂಗಳ ಕಾಗದ ಸುಮ್ನೆ ರೂಢಿಗೆ" ಅಂದರು. ಏಜೆಂಟ್ ಹೂಂಗುಟ್ಟಿದ.

ಹೊರಗೆ ರಿಕ್ಷಾಗಳ ಗದ್ದಲ. ಗೋಡೆಗೆ ಫೋಮ್ ಅಂಟಿಸಿದರೆ ಸಾಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಫೋಮ್ ಒಳಗಿನ ಮಾರ್ದನಿಯನ್ನು ಕಡಿಮೆ ಮಾಡುತ್ತದೆ ಅಷ್ಟೇ. ಹೊರಗಿನ ಸದ್ದು ನಿಲ್ಲಬೇಕಾದರೆ ಭಾರ ಬೇಕು, ನಡುವೆ ಗಾಳಿ ಇರುವ ಸಂದು ಬೇಕು. ಅಂದರೆ ಗೋಡೆಯ ಒಳಗೆ ಇನ್ನೊಂದು ಗೋಡೆ. ಜಿಪ್ಸಂ ಬೋರ್ಡ್ ಎರಡೆರಡು ಪದರ, ಹಿಂದೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ದಪ್ಪ ಬಾಗಿಲು, ಡಬಲ್ ಗಾಜು. ಖರ್ಚು ಐದು ಲಕ್ಷ ದಾಟಿತು. ಇದನ್ನು ಬಿಚ್ಚಿಕೊಂಡು ಹೋಗುವ ಹಾಗಿಲ್ಲ, ಜಿಪ್ಸಂ ಪುಡಿಯಾಗುತ್ತದೆ. ಕಾಕಾಗೂ ಇದು ಚೆನ್ನಾಗಿ ಗೊತ್ತಿತ್ತು.

11 ತಿಂಗಳು ಮುಗಿಯುತ್ತಿದ್ದಂತೆ ಬಾಡಿಗೆ ಒಂದೂವರೆ ಪಟ್ಟು ಆಯಿತು. ಆಗಲ್ಲ ಅಂದೆವು. ಹಾಗಾದರೆ ಖಾಲಿ ಮಾಡಿ ಅಂದರು. ಮೇಲಿಂದ, ಜಾಗ ಮೊದಲಿನಂತೆ ಮಾಡಿಕೊಡಬೇಕು ಎಂಬ ಸಾಲು ತೋರಿಸಿ, ಗೋಡೆ ಒಡೆಯುವ ಖರ್ಚು ಅಂತ ಅರ್ಧ ಡಿಪಾಜಿಟ್ ಹಿಡಿದುಕೊಂಡರು. ಆಮೇಲೆ ಜಾಹೀರಾತು ಬಂತು: "ರೆಡಿ ಸೌಂಡ್‌ಪ್ರೂಫ್ ಸ್ಟುಡಿಯೋ ಬಾಡಿಗೆಗಿದೆ." ಫೋಟೋದಲ್ಲಿ ನಮ್ಮದೇ ಗೋಡೆ. ಒಂದು ಬೋರ್ಡೂ ಬಿಚ್ಚಿರಲಿಲ್ಲ!

ವಕೀಲರ ಹತ್ತಿರ ಹೋದಾಗ ಒಂದು ವಿಷಯ ತಿಳಿಯಿತು. ನಮ್ಮ ಬೆಂಗಳೂರು, ಹುಬ್ಬಳ್ಳಿ ಕಡೆ 11 ತಿಂಗಳ ಕಾಗದವನ್ನು ರಿಜಿಸ್ಟರ್ ಮಾಡಿಸದೆ ಇಟ್ಟುಕೊಳ್ಳುತ್ತಾರೆ ಅಲ್ವಾ? ಇಲ್ಲಿ ಹಾಗಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಜಾಗ ಬಳಸಲು ಅನುಮತಿ ಕೊಡುವ ಬಾಡಿಗೆ ಕಾಗದ, ನಮ್ಮದೂ ಅದೇ) ಎಷ್ಟೇ ತಿಂಗಳದ್ದಾದರೂ ರಿಜಿಸ್ಟರ್ ಆಗಬೇಕು. ಮಾಡಿಸುವ ಹೊಣೆ ಮಾಲೀಕರದ್ದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಿಜಿಸ್ಟರ್ ಆಗದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಸುಳ್ಳು ಅಂತ ಮಾಲೀಕ ಸಾಬೀತು ಮಾಡುವ ತನಕ. ನಮ್ಮದು ರಿಜಿಸ್ಟರ್ ಆಗಿರಲಿಲ್ಲ. ನೋಟಿಸ್ ಹೋದ ಮೇಲೆ ಡಿಪಾಜಿಟ್ ಪೂರ್ತಿ ಬಂತು. ಗೋಡೆಯ ದುಡ್ಡು ಮಾತ್ರ ಬರಲಿಲ್ಲ.

ನಮ್ಮ ಜೊತೆ ಹೊರಬಂದದ್ದು ಮೈಕ್, ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಹಾರ್ಡ್ ಡಿಸ್ಕ್‌ಗಳು. ನಮ್ಮ ಮೈಕ್ ಶ್ಯೂರ್ ಎಸ್‌ಎಂ7ಬಿ 2001ರ ಮಾದರಿ, ಇವತ್ತಿಗೂ ಅಂಗಡಿಯಲ್ಲಿದೆ, ಸೆಕೆಂಡ್‌ಹ್ಯಾಂಡ್‌ಗೂ ಗಿರಾಕಿ ಇದ್ದಾರೆ. ಹಾಕಿದ ದುಡ್ಡಿಗೆ ಅದೇ ಮೇಲು. ಈಗ ಮರದ ಚೌಕಟ್ಟಿಗೆ ರಾಕ್‌ವೂಲ್ ತುಂಬಿ ಬಟ್ಟೆ ಹೊದಿಸಿದ ಪ್ಯಾನೆಲ್‌ಗಳನ್ನು ನಿಲ್ಲಿಸಿಕೊಂಡು, ಒಳಗಲ್ಲಿಯ ಕೋಣೆಯಲ್ಲಿ ರಾತ್ರಿ ರೆಕಾರ್ಡ್ ಮಾಡುತ್ತೇವೆ. ರಿಕ್ಷಾ ಕಾಟ ಕಡಿಮೆ.

ಗೋಡೆ ಕಟ್ಟಿಸಲೇಬೇಕು ಅನ್ನುವವರು 60 ತಿಂಗಳ ಕರಾರು ಕೇಳಿ. ಲಾಕ್-ಇನ್, ಅಂದರೆ ಇಷ್ಟು ಕಾಲ ಕರಾರು ಮುರಿಯುವಂತಿಲ್ಲ ಎಂಬ ಷರತ್ತು, ಮಾಲೀಕರಿಗೂ ಅನ್ವಯಿಸಬೇಕು. ಬಾಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಏರುತ್ತದೆ, ಬಿಡುವಾಗ ಗೋಡೆ ಯಾರದ್ದು, ಎಲ್ಲ ಬರೆಸಿ. ಸ್ಟ್ಯಾಂಪ್ ಡ್ಯೂಟಿ ಶೇ. 0.25 ಅಷ್ಟೇ. ತಿಂಗಳಿಗೆ 25,000 ಬಾಡಿಗೆಯಾದರೆ 60 ತಿಂಗಳ ಬಾಡಿಗೆಗೆ 3,750 ರೂಪಾಯಿ, ಡಿಪಾಜಿಟ್ ಲೆಕ್ಕಕ್ಕೆ ಸ್ವಲ್ಪ ಜಾಸ್ತಿ. ಮಾಲೀಕರು ಅದಕ್ಕೂ ಗೊಣಗಿದರೆ ನೀವೇ ಕಟ್ಟಿಬಿಡಿ. ರಿಜಿಸ್ಟರ್ ಆದ ಪ್ರತಿ ಕೈಗೆ ಬರುವ ತನಕ ಬಡಗಿಗೆ ಫೋನ್ ಮಾಡಬೇಡಿ.