ವಾಸ್ತುಶಿಲ್ಪ ಕೇಂದ್ರದ ಪ್ಲಾನಿಂಗ್ ಸರ್ವಿಸ್: ಜಾಗದ ಕೆಲಸ ಚೆನ್ನ, ನಡೆಸುವ ಲೆಕ್ಕ ಸಾಲದು

ಕಟ್ಟಡಗಳನ್ನು ನೋಡುವುದು ಹೇಗೆ ಅಂತ ಸಾಮಾನ್ಯ ಜನರಿಗೆ, ಮಕ್ಕಳಿಗೆ ಹೇಳಿಕೊಡುವ ಒಂದು ಸಾರ್ವಜನಿಕ ಕೇಂದ್ರ ಮಾಡಬೇಕು ಅಂತ ನಮ್ಮ ಟ್ರಸ್ಟ್ ಹೊರಟಿತು. ಪ್ಲಾನಿಂಗ್ ಕೆಲಸವನ್ನು ಒಂದು ಕನ್ಸಲ್ಟೆಂಟ್ ತಂಡಕ್ಕೆ ಕೊಟ್ಟೆವು. ಅವರ ಹೆಸರು ಇಲ್ಲಿ ಬೇಡ. ಇಂಥ ಸರ್ವಿಸ್ ತೆಗೆದುಕೊಂಡರೆ ಏನು ಸಿಗುತ್ತದೆ, ಏನನ್ನು ಕೇಳಿ ಪಡೆಯಬೇಕು ಅನ್ನುವುದು ಗೊತ್ತಾದರೆ ಸಾಕು. ಟ್ರಸ್ಟ್‌ನಲ್ಲಿ ಕಲಿಕೆಯ ಭಾಗ ನೋಡಿಕೊಳ್ಳುವವಳು ನಾನು. ಆದ್ದರಿಂದ ನನ್ನ ಕಣ್ಣು ಆ ಕಡೆಗೇ ಜಾಸ್ತಿ.

ಮೊದಲ ವರದಿ ನೋಡಿ ನನಗೆ ಬೇಸರವಾಯಿತು. ಪುಟಗಟ್ಟಲೆ ಹೊಸ ಕಟ್ಟಡದ ಚಿತ್ರಗಳು. ದೊಡ್ಡ ಗಾಜಿನ ಮುಂಭಾಗ, ಆಡಿಟೋರಿಯಂ, ಕೆಫೆ. ಒಳಗೆ ಯಾರು ಏನು ಕಲಿಸುತ್ತಾರೆ ಅನ್ನುವುದಕ್ಕೆ ಅರ್ಧ ಪುಟ. ಇದು ತಲೆಕೆಳಗಾದ ಕ್ರಮ. ಜಗತ್ತಿನ ಒಳ್ಳೆಯ ಕೇಂದ್ರಗಳಲ್ಲಿ ಎಷ್ಟೋ ಹೊಸ ಕಟ್ಟಡದಿಂದ ಶುರುವಾದವಲ್ಲ. ಶಿಕಾಗೋದಲ್ಲಿ 1887ರ ಗ್ಲೆಸ್ನರ್ ಹೌಸ್ ಎಂಬ ಮನೆಯನ್ನು ಉಳಿಸಿಕೊಳ್ಳಬೇಕು ಅಂತ 1966ರಲ್ಲಿ ಒಂದಷ್ಟು ಜನ ಸೇರಿದರು. ಆಮೇಲೆ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಬೀದಿಬೀದಿಯಲ್ಲಿ ಜನರನ್ನು ಕರೆದುಕೊಂಡು ಹೋಗಿ ಕಟ್ಟಡಗಳನ್ನು ತೋರಿಸತೊಡಗಿದರು. ಅದೇ ಸಂಸ್ಥೆಯ, ನದಿ ಪಕ್ಕದ ಈಗಿನ ವಾಸ್ತುಶಿಲ್ಪ ಕೇಂದ್ರ ತೆರೆದದ್ದು 2018ರಲ್ಲಿ. ಫ್ರಾನ್ಸ್‌ನ ಬೋರ್ಡೊ ನಗರದ ಆರ್ಕ್ ಆಂ ರೇವ್ ಎಂಬ ವಾಸ್ತುಶಿಲ್ಪ ಕೇಂದ್ರ ಇರುವುದು ಹಳೆಯ ಸರಕಿನ ಗೋದಾಮಿನಲ್ಲಿ. ಪ್ಯಾರಿಸ್‌ನ ಪವಿಯೋಂ ದ ಲಾರ್ಸೆನಾಲ್ 1988ರಲ್ಲಿ ಶುರುವಾದದ್ದೂ ಹತ್ತೊಂಬತ್ತನೇ ಶತಮಾನದ ಒಂದು ಕಟ್ಟಡದಲ್ಲೇ.

ಇದನ್ನೆಲ್ಲ ಮೀಟಿಂಗ್‌ನಲ್ಲಿ ಹೇಳಿದೆವು. ತಂಡದವರು ಮುಖ ಸಿಂಡರಿಸಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಎರಡನೇ ವರದಿಯಲ್ಲಿ ಮೊದಲ ಹಂತವೇ ಬದಲಾಗಿತ್ತು: ಮಾರ್ಗದರ್ಶಕರ ತರಬೇತಿ, ನಡಿಗೆಗಳು, ವರ್ಷಕ್ಕೊಮ್ಮೆ ಖಾಸಗಿ ಮತ್ತು ಸರ್ಕಾರಿ ಕಟ್ಟಡಗಳ ಬಾಗಿಲು ತೆರೆಸಿ ಜನರನ್ನು ಒಳಗೆ ಬಿಡುವ ದಿನ. ಲಂಡನ್‌ನಲ್ಲಿ 1992ರಿಂದ ಓಪನ್ ಹೌಸ್ ಅಂತ ನಡೆಯುವುದು ಇದೇ. ಇದಕ್ಕೆ ಸ್ವಂತ ಕಟ್ಟಡವೇ ಬೇಡ ಅಲ್ವಾ? ಮಾತು ಕೇಳಿಸಿಕೊಂಡು ತಿದ್ದಿಕೊಳ್ಳುವ ಈ ಗುಣಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಅವರ ಕೆಲಸದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು. ಒಂದು ಖಾಲಿ ಹಾಲ್ ಹಿಡಿದು, ಪ್ಲಾನನ್ನು ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬಿಳಿ ಟೇಪ್ ಹಾಕಿ ಬಿಡಿಸಿದರು. ಗೋಡೆ ಇದ್ದ ಕಡೆ ಎರಡು ಗೆರೆ, ಬಾಗಿಲಿಗೆ ನಡುವೆ ಜಾಗ. ಶಾಲೆಯ ಮಕ್ಕಳು, ಒಬ್ಬ ವೀಲ್‌ಚೇರ್ ಬಳಸುವ ಮಹಿಳೆ, ಇಬ್ಬರು ಮೇಷ್ಟ್ರು ಬಂದಿದ್ದರು. ಆ ಮಹಿಳೆ ಕಟ್ಟಡಗಳ ಮಾಡೆಲ್ ಇಡುವ ಟೇಬಲ್ ಮತ್ತು ಗೋಡೆಯ ನಡುವೆ ಹೋಗಿ ತಿರುಗಲು ನೋಡಿದರು. ಚಕ್ರ ಟೇಪ್ ದಾಟಿತು. ಕುರ್ಚಿ ತಿರುಗಲು ಸುಮಾರು ಒಂದೂವರೆ ಮೀಟರ್ ಬೇಕು, ಅಲ್ಲಿ ಅಷ್ಟಿರಲಿಲ್ಲ. ತಂಡದ ಹುಡುಗಿಯೊಬ್ಬಳು ಸುಮ್ನೆ ಕೂತು ಟೇಪ್ ಕಿತ್ತು, ಗೋಡೆಯನ್ನು ಹಿಂದಕ್ಕೆ ಸರಿಸಿದಳು.

ಮಾಡೆಲ್‌ನದೂ ಹಾಗೇ. ರಟ್ಟಿನಲ್ಲಿ 1:500 ಅಳತೆಯ ಬಡಾವಣೆಯೊಂದನ್ನು ಇಟ್ಟಿದ್ದರು. ಆ ಅಳತೆಯಲ್ಲಿ ಹತ್ತು ಮೀಟರ್ ಎತ್ತರದ ಮನೆ ಎರಡೇ ಸೆಂಟಿಮೀಟರ್. ದೊಡ್ಡವರು ಮೇಲಿನಿಂದ ನೋಡಿ ಮುಂದೆ ಹೋದರು. ಹುಡುಗನೊಬ್ಬ ಮಾತ್ರ ಟೇಬಲ್ ಅಂಚಿಗೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ಬೀದಿಯೊಳಗೆ ನೋಡುತ್ತಾ ನಿಂತ. ಅವನು ನೋಡುತ್ತಿದ್ದದ್ದು ನೆರಳು ಎಲ್ಲಿ ಬೀಳುತ್ತದೆ, ಬೀದಿ ಎಷ್ಟು ಇಕ್ಕಟ್ಟು ಅಂತ. ಪ್ಲಾನ್‌ನಲ್ಲಿ ಟೇಬಲ್ ಎತ್ತರ 95 ಸೆಂಟಿಮೀಟರ್ ಅಂತಿತ್ತು. ಅವತ್ತೇ ಅದನ್ನು 70ಕ್ಕೆ ಇಳಿಸಿ, ಕೆಳಗೆ ಮೊಣಕಾಲಿಗೆ ಜಾಗ ಬಿಟ್ಟರು. ಕಂಪ್ಯೂಟರ್ ಮುಂದೆ ಕೂತು ಇದು ಹೊಳೆಯುವ ವಿಷಯವಲ್ಲ.

ಬೆಳಕಿನ ವಿಚಾರದಲ್ಲೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಕಾಗದದ ನಕ್ಷೆಗಳನ್ನು ಸುಮಾರು 50 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅನ್ನುವ ಅಳತೆ) ಬೆಳಕಿನಲ್ಲೇ ತೋರಿಸಬೇಕು, ಇಲ್ಲದಿದ್ದರೆ ಬಣ್ಣ ಮಾಸುತ್ತದೆ. ಮಕ್ಕಳು ಬ್ಲೇಡ್ ಹಿಡಿದು ರಟ್ಟು ಕತ್ತರಿಸಲು ಅದರ ಹತ್ತು ಪಟ್ಟು ಬೇಕು. ಎರಡೂ ಒಂದೇ ಹಾಲ್‌ನಲ್ಲಿ ಇರಲಿ ಅಂತ ನಮ್ಮಲ್ಲಿ ಕೆಲವರು ಹಟ ಹಿಡಿದರು. ಆಗಲ್ಲ ಅಂತ ತಂಡದವರು ನೇರವಾಗಿ ಹೇಳಿದರು, ಒಪ್ಪಿಸಿದರು. ವರ್ಕ್‌ಶಾಪ್ ಕೋಣೆಗೆ ಸಿಂಕ್, ಅರ್ಧ ಮಾಡಿದ ಮಾಡೆಲ್ ಇಡಲು ಅಗಲವಾದ ಕಪಾಟು, ಎಲ್ಲವನ್ನೂ ನೆನಪಿಟ್ಟು ಸೇರಿಸಿದ್ದಾರೆ. ವೆಬ್‌ಸೈಟ್, ಲೋಗೋ ಎಲ್ಲ ಪರವಾಗಿಲ್ಲ.

ನನ್ನ ದೊಡ್ಡ ತಕರಾರು ಲೆಕ್ಕದ ಬಗ್ಗೆ. ಕಟ್ಟುವ ಖರ್ಚು ಮೊಳೆಯವರೆಗೂ ಬಿಡಿಸಿ ಬರೆದಿದ್ದಾರೆ. ನಡೆಸುವ ಖರ್ಚು ಒಂದೇ ಸಾಲು. ಮಾರ್ಗದರ್ಶಕರ ತರಬೇತಿ, ಶಾಲೆಗಳ ಜೊತೆ ಓಡಾಡುವ ಒಬ್ಬ ಸಂಬಳದ ವ್ಯಕ್ತಿ, ಪ್ರದರ್ಶನ ಬದಲಿಸುವ ಖರ್ಚು, ಯಾವುದೂ ಬಿಡಿಯಾಗಿ ಇಲ್ಲ. ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದ ಲೈಟ್‌ಹೌಸ್ ಎಂಬ ವಾಸ್ತುಶಿಲ್ಪ ಕೇಂದ್ರ 1999ರಲ್ಲಿ, ವಾಸ್ತುಶಿಲ್ಪಿ ಮ್ಯಾಕಿಂಟಾಷ್ ವಿನ್ಯಾಸದ ಹಳೆಯ ಪತ್ರಿಕಾ ಕಚೇರಿಯಲ್ಲಿ ಎಷ್ಟು ಸೊಗಸಾಗಿ ತೆರೆಯಿತು! ಅದನ್ನು ನಡೆಸುತ್ತಿದ್ದ ಟ್ರಸ್ಟ್ 2009ರಲ್ಲಿ ಹಣದ ತೊಂದರೆಗೆ ಸಿಕ್ಕಿ ಕೈಬಿಡಬೇಕಾಯಿತು. ಚಂದದ ಕಟ್ಟಡ ಇದ್ದೂ ಹೀಗಾಗುತ್ತದೆ. ಇದನ್ನು ಎರಡು ಸಲ ಕೇಳಿದ ಮೇಲೂ ನಮಗೆ ಬಂದದ್ದು ಅದೇ ಒಂದು ಸಾಲು, ಅಂಕಿ ಮಾತ್ರ ಬೇರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಜಾಗದ ವಿನ್ಯಾಸಕ್ಕೆ ಇಂಥ ತಂಡವನ್ನು ಧೈರ್ಯವಾಗಿ ಕರೆಯಿರಿ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಕನಿಷ್ಠ ಮೊದಲ ಐದು ವರ್ಷ ನಡೆಸುವ ಖರ್ಚಿನ ಬಿಡಿ ಲೆಕ್ಕ ಮತ್ತು ಟೇಪ್ ಹಾಕಿ ನೋಡುವ ದಿನ, ಎರಡನ್ನೂ ಕೆಲಸದ ಪಟ್ಟಿಯಲ್ಲಿ ಬರೆಸಿಕೊಳ್ಳಿ. ಕೊನೆಯ ಕಂತಿನ ಹಣವನ್ನು ಆ ಲೆಕ್ಕ ಕೈಗೆ ಬಂದ ಮೇಲೇ ಕೊಡಿ.