ಹದಿಮೂರು ಕುಳ್ಳರು ಮತ್ತು ನನ್ನ ಗಂಟಲು

ಮಕ್ಕಳಿಗೆ ಓದಿ ಹೇಳೋಕೆ ಪುಸ್ತಕ ಆರಿಸುವಾಗ ನಾನು ಹಿಂಬದಿ ರಟ್ಟಿನ ಹೊಗಳಿಕೆ ನೋಡುವುದಿಲ್ಲ. ಅಂಗಡಿಯಲ್ಲೇ ನಿಂತು ಮಧ್ಯದ ಒಂದು ಪುಟ ತೆಗೆದು ಬಾಯಿಬಿಟ್ಟು ಓದುತ್ತೇನೆ. ಅಕ್ಕಪಕ್ಕದವರು ಒಂಥರಾ ನೋಡುತ್ತಾರೆ, ನೋಡಲಿ. ಕಣ್ಣಿಗೆ ಚೆನ್ನಾಗಿರುವ ಎಷ್ಟೋ ವಾಕ್ಯ ನಾಲಿಗೆಗೆ ಬಂದ ಕೂಡಲೇ ತೊಡರುತ್ತವೆ. ನನಗೆ ಇನ್ನೊಂದು ಕಷ್ಟವೂ ಇದೆ. ಕಣ್ಣಲ್ಲಿ ಇಂಗ್ಲಿಷ್ ಓದಿಕೊಂಡು ಬಾಯಲ್ಲಿ ಕನ್ನಡ ಹೇಳಬೇಕು. ಮಗಳಿಗೆ ಒಂಬತ್ತು, ಅವಳು ಎರಡೂ ಓದುತ್ತಾಳೆ. ಮಗನಿಗೆ ಆರು, ಅವನಿಗೆ ಕಥೆ ಅಂದರೆ ಕನ್ನಡವೇ. ಹಾಗಾಗಿ ಇಂಗ್ಲಿಷ್ ಪದಗಳ ಆಟದ ಮೇಲೆ ನಿಂತ ಪುಸ್ತಕಗಳು ನಮ್ಮ ಮನೆಯಲ್ಲಿ ಎರಡನೇ ರಾತ್ರಿಗೇ ಮಲಗಿಬಿಡುತ್ತವೆ.

ಈ ಮಳೆಗಾಲದಲ್ಲಿ ಓದಿದ್ದು ಟೋಲ್ಕಿನ್ ಬರೆದ ‘ದಿ ಹಾಬಿಟ್’. 1937ರ ಪುಸ್ತಕ, 19 ಅಧ್ಯಾಯ. ಮುಗಿಸೋಕೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಒಂದು ವಾರ ನನ್ನ ಗಂಟಲು ಕಟ್ಟಿದ್ದರಿಂದ ರಜೆ.

ಇದನ್ನು ಅಚ್ಚು ಹಾಕಬೇಕೋ ಬೇಡವೋ ಅಂತ ಪ್ರಕಾಶಕ ಸ್ಟ್ಯಾನ್ಲಿ ಅನ್‌ವಿನ್ ತನ್ನ ಹತ್ತು ವರ್ಷದ ಮಗ ರೇನರ್‌ನನ್ನು ಕೇಳಿದ್ದ. ಓದಿ ಅಭಿಪ್ರಾಯ ಬರೆದುಕೊಟ್ಟರೆ ಹುಡುಗನಿಗೆ ಒಂದು ಶಿಲಿಂಗ್. 5ರಿಂದ 9 ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ ಅಂತ ಅವನು ಬರೆದ. ಹತ್ತಾದವನಿಗೆ ಒಂಬತ್ತರವರೆಲ್ಲ ಚಿಕ್ಕಮಕ್ಕಳೇ ಅಲ್ವಾ! ನನ್ನ ಲೆಕ್ಕದಲ್ಲಿ ಐದು ತೀರಾ ಬೇಗ. ಆರು ಆದರೆ ಪಕ್ಕದಲ್ಲಿ ಒರಗೋಕೆ ಯಾರಾದರೂ ಬೇಕು. ಕಾಡಿನ ಜೇಡಗಳು ಬರುವ ಎಂಟನೇ ಅಧ್ಯಾಯದ ರಾತ್ರಿ ಮಗ ಸೊಳ್ಳೆಪರದೆ ಕಟ್ಟೋಕೇ ಬಿಡಲಿಲ್ಲ. ಅದು ಬಲೆ ತರ ಕಾಣುತ್ತದಂತೆ.

ಮೊದಲ ಅಧ್ಯಾಯಕ್ಕೆ ಮಾತ್ರ ನೂರಕ್ಕೆ ನೂರು. ಬಿಲ್ಬೋ ಅನ್ನುವ ಹಾಬಿಟ್, ಅಂದರೆ ಮನುಷ್ಯರ ತರದ್ದೇ ಒಂದು ಗಿಡ್ಡ ಜಾತಿಯವನು, ಬೆಚ್ಚಗೆ ತನ್ನ ಪಾಡಿಗೆ ಇದ್ದಾನೆ. ದಿನಕ್ಕೆ ಎರಡು ಸಲ ಬೆಳಗಿನ ತಿಂಡಿ ತಿನ್ನುವ ಆಸಾಮಿ. ಅವನ ಮನೆಗೆ ಹೇಳದೆ ಕೇಳದೆ ಕುಳ್ಳರು ಬರತೊಡಗುತ್ತಾರೆ. ಒಬ್ಬ, ಇನ್ನೊಬ್ಬ, ಆಮೇಲೆ ಜೋಡಿಯಾಗಿ, ಆಮೇಲೆ ಗುಂಪಾಗಿ, ಒಟ್ಟು ಹದಿಮೂರು ಜನ. ಬಂದವರೆಲ್ಲ ಕೇಕ್ ಬೇಕು, ಕಾಫಿ ಬೇಕು, ಮೊಟ್ಟೆ ಬೇಕು ಅಂತಾರೆ. ಬಾಗಿಲ ಗಂಟೆ ಹೊಡೆದಾಗೆಲ್ಲ ಮಗ ಮಂಚದ ಮೇಲೆ ಎದ್ದು ನಿಂತು ‘ಟಿಣ್’ ಅನ್ನುತ್ತಿದ್ದ. ಪಕ್ಕದ ಕೋಣೆಯಿಂದ ನಮ್ಮಮ್ಮ, ‘ಇದು ನಮ್ಮ ಮನೆ ಗೃಹಪ್ರವೇಶದ ಕಥೆ’ ಅಂದರು. ಹೆಸರುಗಳು ನಾಲಿಗೆಗೆ ಕಷ್ಟ ಅಂದುಕೊಂಡಿದ್ದೆ, ಆದರೆ ಪ್ರಾಸದಲ್ಲಿವೆ. ಫಿಲಿ ಕಿಲಿ, ಓರಿ ನೋರಿ ಡೋರಿ, ಬಿಫುರ್ ಬೋಫುರ್ ಬೊಂಬುರ್. ಮೂರನೇ ದಿನಕ್ಕೆ ಮಕ್ಕಳು ಮಗ್ಗಿ ತರ ಒಪ್ಪಿಸತೊಡಗಿದರು.

ಐದನೇ ಅಧ್ಯಾಯ ಹೇಳೋದು ನನಗೆ ಪರೀಕ್ಷೆಯಾಯಿತು. ಬೆಟ್ಟದ ಅಡಿ, ಕತ್ತಲಲ್ಲಿ ಬಿಲ್ಬೋಗೂ ಅಲ್ಲೇ ವಾಸಿಸುವ ಗೊಲ್ಲಮ್ ಅನ್ನುವ ವಿಚಿತ್ರ ಜೀವಿಗೂ ಒಗಟಿನ ಪಂದ್ಯ. ಸೋತರೆ ಬಿಲ್ಬೋನೇ ಗೊಲ್ಲಮ್‌ಗೆ ಊಟ. ಆ ಒಗಟುಗಳಲ್ಲಿ ಹೆಚ್ಚಿನವು ಪದ್ಯದಲ್ಲಿವೆ. ಸುಮ್ನೆ ಅರ್ಥ ಹೇಳಿದರೆ ಒಗಟು ಸಾಯುತ್ತದೆ. ಎರಡು ರಾತ್ರಿ ಒದ್ದಾಡಿ ಗಾಳಿಯದೂ ಮೊಟ್ಟೆಯದೂ ಹೇಗೋ ಕಟ್ಟಿದೆ. ಉಳಿದದ್ದಕ್ಕೆ ಅಮ್ಮನ ಹತ್ತಿರ ಸಾಲ ಕೇಳಿದೆ. ಅವರು ಕೊಟ್ಟಿದ್ದು ‘ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು’. ಮಗ ತಕ್ಷಣ ಈರುಳ್ಳಿ ಅಂದ. ಆಮೇಲೆ ಯೋಚಿಸಿ, ‘ಗೊಲ್ಲಮ್ ಹಸಿ ಮೀನು ತಿನ್ನೋನು, ಅವನಿಗೆ ಈರುಳ್ಳಿ ಹೆಂಗೆ ಗೊತ್ತಿರುತ್ತೆ?’ ಅಂದ. ಉತ್ತರ ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಬಿಲ್ಬೋ ‘ನನ್ನ ಜೇಬಲ್ಲಿ ಏನಿದೆ?’ ಅಂತ ಕೇಳಿ ಗೆಲ್ಲುತ್ತಾನಲ್ಲ, ಅದಕ್ಕೆ ಮನೆಯಲ್ಲಿ ಅರ್ಧ ಗಂಟೆ ಜಗಳ. ಅದು ಒಗಟೇ ಅಲ್ಲ, ಮೋಸ ಅಂತ ಮಗಳ ತೀರ್ಪು. ಟೋಲ್ಕಿನ್ ಕೂಡ ಈ ಅಧ್ಯಾಯವನ್ನು ಅಷ್ಟಕ್ಕೇ ಬಿಟ್ಟಿಲ್ಲ. ಮೊದಲ ಅಚ್ಚಿನಲ್ಲಿ ಸೋತ ಗೊಲ್ಲಮ್ ಕ್ಷಮೆ ಕೇಳಿ ದಾರಿ ತೋರಿಸಿ ಕಳಿಸುತ್ತಾನೆ. 1951ರ ಅಚ್ಚಿನಲ್ಲಿ ಅದನ್ನು ಬದಲಿಸಿದರು. ಈಗ ಸಿಗೋದು ಸಿಟ್ಟಿನ ಗೊಲ್ಲಮ್.

ಕೊಳ್ಳುವವರಿಗೆ ಒಂದು ಮಾತು. ನಾನು ಮೊದಲು ತಂದಿದ್ದು ಫುಟ್‌ಪಾತ್‌ನ ಅಗ್ಗದ ಪ್ರತಿ. ಭೂಪಟವೇ ಇರಲಿಲ್ಲ, ಅಕ್ಷರ ಇರುವೆ ಸಾಲು. ಈ ಕಥೆಗೆ ಭೂಪಟ ಬೇಕೇ ಬೇಕು. ಅದರ ಮೇಲೆ ಬೆಳದಿಂಗಳಲ್ಲಿ ಮಾತ್ರ ಕಾಣುವ ಅಕ್ಷರಗಳ ಗುಟ್ಟು ಇದೆ. ಅದನ್ನು ಕೇಳಿದ ಮಾರನೇ ದಿನ ನಿಂಬೆರಸದಲ್ಲಿ ಬರೆದು ಇಸ್ತ್ರಿಪೆಟ್ಟಿಗೆ ಕಾವಿಗೆ ಹಿಡಿಯೋದು, ಒಂದು ಕಾಗದ ಸುಡೋದು, ಎಲ್ಲ ಆಯಿತು. ಭೂಪಟ ಇರುವ, ದಪ್ಪಕ್ಷರದ ಪ್ರತಿಯನ್ನೇ ತನ್ನಿ.

ಬೇಸರದ ಭಾಗಗಳೂ ಇವೆ. ಹಾಡುಗಳು ಜಾಸ್ತಿ, ಅರ್ಧ ಹಾರಿಸಿದೆ. ಅಧ್ಯಾಯಗಳು ಒಂದೇ ಅಳತೆಯಲ್ಲಿಲ್ಲ. ಕೆಲವು ಒಂದು ರಾತ್ರಿಗೆ ಮುಗಿಯೋದೇ ಇಲ್ಲ, ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ನೋಡಿಟ್ಟುಕೊಳ್ಳಿ.

ನಾನು ಎಣಿಸದೇ ಇದ್ದದ್ದು ಇನ್ನೊಂದು. ಮೂರನೇ ರಾತ್ರಿ ಮಗಳು, ‘ಇದರಲ್ಲಿ ಹುಡುಗಿಯರೇ ಇಲ್ವಾ?’ ಅಂದಳು. ಪುಟ ತಿರುವಿದೆ. ಶುರುವಿನಲ್ಲಿ ಬಿಲ್ಬೋನ ತಾಯಿಯ ಹೆಸರು ಬರುತ್ತದೆ, ಅಷ್ಟೇ. ‘ಹಾಗಾದರೆ ಕಿಲಿ ಹುಡುಗಿ’ ಅಂತ ಅವಳೇ ನಿರ್ಧಾರ ಮಾಡಿದಳು. ಕನ್ನಡದಲ್ಲಿ ಇದು ಸಣ್ಣ ಕೆಲಸ ಅಲ್ಲ. ಅಂದಿನಿಂದ ಕಿಲಿ ಬಂದಳು, ಓಡಿದಳು, ಪೀಪಾಯಿಯೊಳಗೆ ಕೂತಳು. ನಾನು ತಪ್ಪಿ ‘ಬಂದ’ ಅಂದರೆ ತೊಡೆಗೊಂದು ಚಿವುಟು.

ಮುಂದಿನ ಅಧ್ಯಾಯವನ್ನು ಒಂದು ದಿನ ಮೊದಲೇ ಓದಿಕೊಳ್ಳುವುದು ನನ್ನ ರೂಢಿ. 18ನೇ ಅಧ್ಯಾಯ ಓದಿದಾಗ ಎದೆ ಧಸಕ್ಕೆಂದಿತು. ದೊಡ್ಡ ಯುದ್ಧದಲ್ಲಿ ಫಿಲಿ, ಕಿಲಿ ಇಬ್ಬರೂ ಸಾಯುತ್ತಾರೆ. ಅದನ್ನು ಬರೆದಿರುವುದು ಒಂದೇ ಒಂದು ವಾಕ್ಯದಲ್ಲಿ. ರಾತ್ರಿ ಓದುವಾಗ ಆ ವಾಕ್ಯ ಹಾರಿಸಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡೆ.

ಮರುದಿನ ಕೆಲಸದಿಂದ ಬಂದಾಗ ಊಟದ ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಮಗಳು ಆ ವಾಕ್ಯದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

‘ಇದು ಯಾಕೆ ಓದಲಿಲ್ಲ?’ ಅಂದಳು.