ಫ್ರೆಂಚ್ ಓಪನ್ ದರ ತೋರಿಸುವ ಆಪ್: ಒಂಬತ್ತು ಟೂರ್ನಿ ಬಳಸಿದ ಮೇಲೆ

ಈ ಆಪ್ ನನ್ನ ಫೋನಿಗೆ ಬಂದದ್ದು 2017ರ ಮೇ ತಿಂಗಳಲ್ಲಿ. ಅಲ್ಲಿಂದ 2025ರವರೆಗೆ ಒಂಬತ್ತು ಫ್ರೆಂಚ್ ಓಪನ್‌ಗಳನ್ನು ಇದನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿದ್ದೇನೆ. ಇದರ ಕೆಲಸ ಇಷ್ಟೇ: ಬೇರೆ ಬೇರೆ ಬೆಟ್ಟಿಂಗ್ ಕಂಪನಿಗಳು ಒಬ್ಬೊಬ್ಬ ಆಟಗಾರರಿಗೆ ಇಟ್ಟಿರುವ ದರವನ್ನು (ಅವರು ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ಎಷ್ಟು ವಾಪಸ್ ಅನ್ನುವ ಸಂಖ್ಯೆ) ಒಂದೇ ಪಟ್ಟಿಯಲ್ಲಿ ಹಾಕಿ ತೋರಿಸುವುದು. ಯಾರು ಫೇವರಿಟ್, ಯಾರು ಅವರ ಹಿಂದೆ, ನಿನ್ನೆಗಿಂತ ಇವತ್ತು ಯಾರ ದರ ಇಳಿದಿದೆ, ಎಲ್ಲಾ ಸಿಗುತ್ತದೆ. ಆಪ್‌ನ ಹೆಸರು ಬರೆಯುವುದಿಲ್ಲ. ನನ್ನ ಬಳಿ ದೂರುಗಳೂ ಇವೆ, ಮತ್ತು ಇಂಥ ಆಪ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇದರಲ್ಲಿ ದುಡ್ಡು ಕಟ್ಟಿಲ್ಲ, ಕಟ್ಟುವುದೂ ಇಲ್ಲ. ನನಗೆ ಬೇಕಿರುವುದು ಟೆನಿಸ್. ಟೂರ್ನಿ ಶುರುವಾಗುವ ಮುಂಚೆ ಹತ್ತು ಜನ ತಜ್ಞರು ಹತ್ತು ಥರ ಮಾತಾಡುತ್ತಾರೆ. ಮಾತು ತಪ್ಪಾದರೆ ಅವರಿಗೆ ಏನೂ ನಷ್ಟವಿಲ್ಲ. ದರ ಹಾಕುವವರಿಗೆ ನಷ್ಟ ಇದೆ. ಹಾಗಾಗಿ ಆ ಸಂಖ್ಯೆಯನ್ನು ನಾನು ಜಾಸ್ತಿ ನಂಬುತ್ತೇನೆ. ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಅನ್ನುವುದನ್ನು ಕಲಿಯಲು ನನಗೆ ಈ ಒಂಬತ್ತು ವರ್ಷ ಬೇಕಾಯಿತು.

ಹೊಸಬರಿಗೆ ಒಂದು ಮಾತು. ದರ ಕಡಿಮೆಯಿದ್ದಷ್ಟೂ ಗೆಲ್ಲುತ್ತಾರೆ ಅನ್ನುವ ನಂಬಿಕೆ ಜಾಸ್ತಿ. ನೂರನ್ನು ದರದಿಂದ ಭಾಗಿಸಿದರೆ ಶೇಕಡಾವಾರು ಅವಕಾಶ ಸಿಗುತ್ತದೆ. ದರ 2 ಇದ್ದರೆ ಶೇ 50, ದರ 4 ಇದ್ದರೆ ಶೇ 25. ಆದರೆ ಅದು ಪೂರ್ತಿ ನಿಜವಲ್ಲ. ಸಮಬಲದ ಇಬ್ಬರು ಆಡುವಾಗ ಇಬ್ಬರಿಗೂ 2 ಅಂತ ಇಡುವುದಿಲ್ಲ, 1.90 ಇಡುತ್ತಾರೆ. ಎರಡನ್ನೂ ಭಾಗಿಸಿ ಕೂಡಿಸಿ ನೋಡಿ, ಮೊತ್ತ 105 ದಾಟುತ್ತದೆ. ಆ ಹೆಚ್ಚಿನ ಐದು ಕಂಪನಿಯ ಪಾಲು. ಒಂದು ಪಂದ್ಯಕ್ಕೇ ಹೀಗಾದರೆ, 128 ಜನರಿರುವ ಚಾಂಪಿಯನ್ ಪಟ್ಟಿಯಲ್ಲಿ ಇದು ಇನ್ನೂ ದೊಡ್ಡದಾಗುತ್ತದೆ. ಅದರಲ್ಲೂ ಪಟ್ಟಿಯ ಕೆಳಗಿರುವ ಹೆಸರುಗಳಿಗೆ ದರ ತೋರಿಸುವ ಅವಕಾಶ ಅವರ ನಿಜವಾದ ಅವಕಾಶಕ್ಕಿಂತ ತುಂಬಾ ಜಾಸ್ತಿ ಇರುತ್ತದೆ. ಆಪ್ ಇದನ್ನು ಎಲ್ಲೂ ಹೇಳುವುದಿಲ್ಲ. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕಂಡುಕೊಂಡದ್ದು.

ಈ ಆಪ್‌ನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಸಂಖ್ಯೆಯಲ್ಲ, ಅದರ ಹಿಂದಿದ್ದ ಗೆರೆ. ಆಟಗಾರರ ಹೆಸರನ್ನು ಒತ್ತಿ ಹಿಡಿದರೆ ಹಿಂದಿನ 30 ದಿನಗಳ ದರ ಒಂದು ಸಣ್ಣ ಗ್ರಾಫ್ ಆಗಿ ತೆರೆದುಕೊಳ್ಳುತ್ತಿತ್ತು. ಮಾಂಟೆ ಕಾರ್ಲೊ, ಮ್ಯಾಡ್ರಿಡ್, ರೋಮ್, ಒಂದೊಂದು ಟೂರ್ನಿ ಮುಗಿದಾಗಲೂ ಗೆರೆ ಒಂದೊಂದು ಮೆಟ್ಟಿಲು ಇಳಿಯುತ್ತದೆ ಅಥವಾ ಏರುತ್ತದೆ. ಆಮೇಲೆ ಡ್ರಾ ಬಿದ್ದ ದಿನ, ಅಂದರೆ ಯಾರಿಗೆ ಯಾರು ಎದುರಾಳಿ ಅಂತ ಚೀಟಿ ಎತ್ತಿ ನಿರ್ಧರಿಸುವ ದಿನ, ದೊಡ್ಡ ಜಿಗಿತ. ಆ ಜಿಗಿತ ನೋಡುವುದೇ ನನಗೆ ಹಬ್ಬ.

2022ರ ಡ್ರಾ ನನಗೆ ಇವತ್ತಿಗೂ ನೆನಪಿದೆ. ನಡಾಲ್ ರೋಮ್‌ನಲ್ಲಿ ಶಪೊವಲೊವ್ ಎದುರು ಪಾದದ ನೋವಿನಿಂದ ಕುಂಟುತ್ತಾ ಸೋತು ಪ್ಯಾರಿಸ್‌ಗೆ ಬಂದಿದ್ದರು. ರೋಮ್ ಗೆದ್ದಿದ್ದು ಜೊಕೊವಿಚ್. ಮ್ಯಾಡ್ರಿಡ್‌ನಲ್ಲಿ 19 ವರ್ಷದ ಅಲ್ಕರಾಜ್ ನಡಾಲ್, ಜೊಕೊವಿಚ್, ಜ್ವೆರೆವ್ ಮೂವರನ್ನೂ ಸಾಲಾಗಿ ಸೋಲಿಸಿ ಕಪ್ ಎತ್ತಿದ್ದರು. ಹೀಗಾಗಿ ಪ್ಯಾರಿಸ್‌ನಲ್ಲಿ 13 ಸಲ ಗೆದ್ದ ನಡಾಲ್ ಪಟ್ಟಿಯಲ್ಲಿ ಮೂರನೇ ಸಾಲಿನಲ್ಲಿದ್ದರು. ಅದನ್ನು ನೋಡಿಯೇ ಮನಸ್ಸಿಗೆ ಒಂಥರಾ ಆಗಿತ್ತು. ಡ್ರಾ ಬಂತು. ಜೊಕೊವಿಚ್, ಅಲ್ಕರಾಜ್, ನಡಾಲ್ ಮೂವರೂ ಮೇಲಿನ ಅರ್ಧದಲ್ಲಿ, ಅಂದರೆ ಫೈನಲ್‌ಗೆ ಬರುವುದು ಹೆಚ್ಚೆಂದರೆ ಅವರಲ್ಲಿ ಒಬ್ಬರು! ಕೆಳಗಿನ ಅರ್ಧ ಪೂರ್ತಿ ಖಾಲಿ ಬಿದ್ದ ಹೊಲದ ಹಾಗೆ ಕಾಣುತ್ತಿತ್ತು. ನಾನು ಫೋನ್ ಹಿಡಿದು ಕೂತಿದ್ದೆ. ಕೆಳಗಿನ ಅರ್ಧದಲ್ಲಿದ್ದ ಸಿಟ್ಸಿಪಾಸ್ ಗೆರೆ ಕಣ್ಣೆದುರೇ ಕೆಳಗೆ ಜಾರಿತು. ಅವರು ಒಂದು ಚೆಂಡನ್ನೂ ಹೊಡೆದಿರಲಿಲ್ಲ. ಎದುರಾಳಿಗಳು ಯಾರು ಅನ್ನುವುದು ಬದಲಾಗಿತ್ತು, ಅಷ್ಟೇ.

ಆಮೇಲೆ ಆದದ್ದೇನು? ಸಿಟ್ಸಿಪಾಸ್ ನಾಲ್ಕನೇ ಸುತ್ತಿನಲ್ಲಿ ಹೋಲ್ಗರ್ ರೂನ್‌ಗೆ ಸೋತರು. ಖಾಲಿ ದಾರಿಯಲ್ಲಿ ಫೈನಲ್ ತಲುಪಿದ್ದು ಕ್ಯಾಸ್ಪರ್ ರುಡ್. ಮೇಲಿನ ಅರ್ಧದಲ್ಲಿ ನಡಾಲ್ ಮೊದಲು ಒಜೆ ಅಲಿಯಾಸಿಮ್ ಜೊತೆ ಐದು ಸೆಟ್ ಆಡಿದರು. ಆಮೇಲೆ ಜೊಕೊವಿಚ್ ಜೊತೆ ನಾಲ್ಕು ಗಂಟೆ ಮೀರಿ ಆಡಿ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಗೆದ್ದರು. ಸೆಮಿಫೈನಲ್‌ನಲ್ಲಿ ಜ್ವೆರೆವ್ ಕಾಲು ಉಳುಕಿ ಹೊರನಡೆದರು. ಫೈನಲ್ 6-3, 6-3, 6-0. ಹದಿನಾಲ್ಕನೇ ಕಪ್. ಪಟ್ಟಿಯಲ್ಲಿ ಮೂರನೆಯವರಾಗಿದ್ದ ನಡಾಲ್ ಗೆದ್ದರು, ಡ್ರಾ ಬಿದ್ದ ದಿನ ಮೇಲೇರಿದ ಸಿಟ್ಸಿಪಾಸ್ ಸೋತರು.

ಅವತ್ತಿನಿಂದ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಚಾಂಪಿಯನ್ ಪಟ್ಟಿ ನೋಡುವ ಮುಂಚೆ ಡ್ರಾದ ಎರಡು ಅರ್ಧಗಳನ್ನು ಬೇರೆ ಬೇರೆ ಬರೆದುಕೊಳ್ಳುತ್ತೇನೆ. 2023ರಲ್ಲೂ ಅಲ್ಕರಾಜ್ ಮತ್ತು ಜೊಕೊವಿಚ್ ಒಂದೇ ಕಡೆ ಬಿದ್ದರು, ಇನ್ನೊಂದು ಕಡೆಯಿಂದ ಮತ್ತೆ ರುಡ್ ಬಂದರು. 2024ರಲ್ಲಿ ಸಿನ್ನರ್ ಮತ್ತು ಅಲ್ಕರಾಜ್ ಒಂದೇ ಅರ್ಧ. ಅವರಿಬ್ಬರ ಸೆಮಿಫೈನಲ್ ಐದು ಸೆಟ್ ಹೋಯಿತು. ಚಾಂಪಿಯನ್ ದರ ಅಂದರೆ ಆಟಗಾರರ ಬಲ ಒಂದೇ ಅಲ್ಲ, ಬಲ ಮತ್ತು ದಾರಿ ಎರಡೂ ಸೇರಿದ್ದು. ಆಪ್‌ನಲ್ಲಿ 'ಯಾವ ಅರ್ಧದಿಂದ ಯಾರು' ಅಂತ ಇನ್ನೊಂದು ಪುಟ ಇದೆ. ತುಂಬಾ ಜನ ಅದನ್ನು ತೆರೆಯುವುದೇ ಇಲ್ಲ. ನನ್ನ ಪ್ರಕಾರ ಮುಖ್ಯ ಪಟ್ಟಿಗಿಂತ ಅದೇ ಉಪಯೋಗದ ಪುಟ.

ಮಣ್ಣಿನ ಅಂಗಣ ಅನ್ನುವುದೂ ಇಲ್ಲಿ ದೊಡ್ಡ ವಿಷಯ. ಚೆಂಡು ನಿಧಾನವಾಗುತ್ತದೆ, ಎತ್ತರಕ್ಕೆ ಪುಟಿಯುತ್ತದೆ. ಸರ್ವ್ ಒಂದರಿಂದಲೇ ಬದುಕುವುದು ಕಷ್ಟ. ಪುರುಷರದ್ದು ಐದು ಸೆಟ್ ಬೇರೆ. ಅಂದರೆ ಬಲಶಾಲಿಗೆ ತನ್ನ ತಪ್ಪು ತಿದ್ದಿಕೊಳ್ಳಲು ಟೈಮ್ ಸಿಗುತ್ತದೆ. ಅದಕ್ಕೇ ಇಲ್ಲಿ ಪುರುಷರ ಪಟ್ಟಿಯ ಮೇಲಿನ ಹೆಸರುಗಳು ಅಷ್ಟು ಗಟ್ಟಿ. 2005ರಿಂದ 2025ರವರೆಗೆ 21 ಟೂರ್ನಿ ನಡೆದಿವೆ, ಗೆದ್ದವರು ಐದೇ ಜನ: ನಡಾಲ್ 14, ಜೊಕೊವಿಚ್ 3, ಅಲ್ಕರಾಜ್ 2, ಫೆಡರರ್ ಮತ್ತು ವಾವ್ರಿಂಕಾ ಒಂದೊಂದು. ಅದೇ 21 ವರ್ಷಗಳಲ್ಲಿ ಮಹಿಳೆಯರಲ್ಲಿ ಗೆದ್ದವರು 14 ಜನ. ಈ ಎರಡು ಪಟ್ಟಿಗಳನ್ನು ಒಂದೇ ಕಣ್ಣಿನಿಂದ ಓದಬಾರದು ಅಂತ ನಾನು ಹೇಳುವುದು ಇದಕ್ಕೇ.

ನಾನು ಇದನ್ನು ಮೊದಲ ವರ್ಷವೇ ಕಲಿತೆ. 2017ರಲ್ಲಿ ಸೆರೆನಾ ಆಡುತ್ತಿರಲಿಲ್ಲ, ಹಲೆಪ್ ರೋಮ್ ಫೈನಲ್‌ನಲ್ಲಿ ಕಾಲು ಉಳುಕಿಸಿಕೊಂಡು ಬಂದಿದ್ದರು. ಪಟ್ಟಿಯಲ್ಲಿ ಗಟ್ಟಿಯಾದ ಫೇವರಿಟ್ ಅಂತ ಒಬ್ಬರೂ ಇರಲಿಲ್ಲ. ಮೊದಲ ಪುಟದ ಹೆಸರುಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಆ ಹಾಳೆ ಈಗಲೂ ಇದೆ. ಅದರಲ್ಲಿ ಓಸ್ಟಪೆಂಕೊ ಹೆಸರಿಲ್ಲ. ಅವರು ಇನ್ನೂ ಎಷ್ಟೋ ಕೆಳಗಿದ್ದರು. ವಿಶ್ವ ರ‍್ಯಾಂಕಿಂಗ್ 47, ಸೀಡ್ (ಮೇಲಿನ ಆಟಗಾರರಿಗೆ ಡ್ರಾದಲ್ಲಿ ಕೊಡುವ ಸ್ಥಾನ) ಇಲ್ಲ. ಸೆಮಿಫೈನಲ್ ದಿನ 20 ತುಂಬಿತು. ಫೈನಲ್‌ನಲ್ಲಿ ಹಲೆಪ್ 6-4, 3-0 ಮುಂದಿದ್ದರು. ಆಮೇಲೆ ಆ ಹುಡುಗಿ ಹೊಡೆದದ್ದೇ ಹೊಡೆದದ್ದು. ಪಂದ್ಯ ಗೆದ್ದು ಮುಗಿಸಿದಾಗ ಓಸ್ಟಪೆಂಕೊ ವಿನ್ನರ್‌ಗಳು, ಅಂದರೆ ಎದುರಾಳಿಗೆ ಮುಟ್ಟಲೂ ಆಗದ ಹೊಡೆತಗಳು, 54. ನಾನು ನೋಟ್‌ಬುಕ್‌ನ ಅದೇ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಅವರ ಹೆಸರು ಬರೆದೆ. 2020ರಲ್ಲಿ ಶ್ವಾಂಟೆಕ್, ರ‍್ಯಾಂಕಿಂಗ್ 54. 2021ರಲ್ಲಿ ಕ್ರೆಜಿಕೋವಾ, ಅವರಿಗೂ ಸೀಡ್ ಇರಲಿಲ್ಲ. ಕೆಂಪು ಪೆನ್ನು ಮತ್ತೆ ಮತ್ತೆ ಬೇಕಾಯಿತು.

2022ರಿಂದ 2024ರವರೆಗೆ ಮಾತ್ರ ಮಹಿಳೆಯರ ಪಟ್ಟಿ ಪುರುಷರ ಪಟ್ಟಿಯ ಥರ ಆಗಿತ್ತು. ಶ್ವಾಂಟೆಕ್ ಮೇಲೆ, ಉಳಿದವರೆಲ್ಲ ಎಷ್ಟೋ ದೂರ. ಮೂರು ವರ್ಷವೂ ಅವರೇ ಗೆದ್ದರು. ಆದರೆ 2024ರ ಎರಡನೇ ಸುತ್ತು ನೋಡಿದವರಿಗೆ ಗೊತ್ತು, ಒಸಾಕಾ ಮೂರನೇ ಸೆಟ್‌ನಲ್ಲಿ 5-2 ಮುಂದಿದ್ದರು, ಮ್ಯಾಚ್ ಪಾಯಿಂಟ್ ಕೂಡ ಸಿಕ್ಕಿತ್ತು. ಶ್ವಾಂಟೆಕ್ 7-5ರಲ್ಲಿ ಉಳಿದುಕೊಂಡರು. ಎಷ್ಟೇ ಕಡಿಮೆ ದರದ ಫೇವರಿಟ್ ಆದರೂ ಒಂದು ಪಾಯಿಂಟ್ ದೂರದಲ್ಲಿ ಸೋಲು ಇತ್ತು ಅನ್ನುವುದು ಮರುದಿನದ ಪಟ್ಟಿಯಲ್ಲಿ ಎಲ್ಲೂ ಕಾಣಲಿಲ್ಲ.

ಪಂದ್ಯ ನಡೆಯುವಾಗಲೇ ಬದಲಾಗುವ ದರ ಇನ್ನೊಂದು ಸೌಲಭ್ಯ. ಇದನ್ನು ನಾನು ಈಗ ಬಳಸುವುದಿಲ್ಲ, ಬಿಟ್ಟಿದ್ದೇನೆ. ಕಾರಣ 2025ರ ಫೈನಲ್. ನಾಲ್ಕನೇ ಸೆಟ್, ಸಿನ್ನರ್ 5-3 ಮುಂದೆ, ಅಲ್ಕರಾಜ್ ಸರ್ವ್, 0-40. ಮೂರು ಚಾಂಪಿಯನ್‌ಶಿಪ್ ಪಾಯಿಂಟ್, ಅದರಲ್ಲಿ ಒಂದು ಗೆದ್ದರೂ ಕಪ್ ಸಿನ್ನರ್‌ದು. ಆಪ್‌ನಲ್ಲಿ ಸಿನ್ನರ್ ದರ ಒಂದಕ್ಕೆ ಅಂಟಿಕೊಂಡಿತ್ತು, ಅಂದರೆ ಕಥೆ ಮುಗಿಯಿತು ಅಂತ. ನಾನು ನೋಡುತ್ತಿದ್ದ ಪ್ರಸಾರ ಮೈದಾನಕ್ಕಿಂತ ಕೆಲವು ಸೆಕೆಂಡ್ ಹಿಂದೆ ಇತ್ತು. ಪರದೆಯಲ್ಲಿ ಅಲ್ಕರಾಜ್ ಇನ್ನೂ ಚೆಂಡು ಪುಟಿಸುತ್ತಾ ನಿಂತಿದ್ದಾರೆ, ಕೈಯಲ್ಲಿದ್ದ ಫೋನಿನಲ್ಲಿ ಸಂಖ್ಯೆ ಆಗಲೇ ಅಲ್ಲಾಡಿತು. ಪಾಯಿಂಟ್ ಉಳಿಯಿತು ಅಂತ ನನಗೆ ಆಟಕ್ಕಿಂತ ಮುಂಚೆ ಗೊತ್ತಾಗಿಬಿಟ್ಟಿತು! ಅಂಥ ಕ್ಷಣವನ್ನು ನಾನೇ ಹಾಳು ಮಾಡಿಕೊಂಡ ಬೇಜಾರು ಇನ್ನೂ ಹೋಗಿಲ್ಲ. ಫೋನ್ ಬೋರಲು ಹಾಕಿದೆ. ಉಳಿದದ್ದನ್ನು ಬರೀ ಕಣ್ಣಿನಿಂದ ನೋಡಿದೆ. 5 ಗಂಟೆ 29 ನಿಮಿಷದ ಪಂದ್ಯ, ಅಲ್ಲಿನ ಅತಿ ಉದ್ದದ ಫೈನಲ್. ಕೊನೆಯ ಟೈಬ್ರೇಕ್ 10-2, ಗೆದ್ದದ್ದು ಅಲ್ಕರಾಜ್.

ಈಗ ದೂರುಗಳು. ಒಂದು, ಗಾಯದ ಸುದ್ದಿ ಬಂದಾಗ ಆಪ್ ನಿಧಾನ. 2024ರಲ್ಲಿ ಜೊಕೊವಿಚ್ ಮಂಡಿ ಗಾಯದಿಂದ ಕ್ವಾರ್ಟರ್‌ಫೈನಲ್‌ಗೆ ಮುಂಚೆ ಹಿಂದೆ ಸರಿದರು. ಸುದ್ದಿ ಎಲ್ಲೆಡೆ ಬಂದ ಮೇಲೂ ಇಲ್ಲಿ ಅವರ ಹೆಸರು ಹಳೆಯ ದರದ ಜೊತೆ ಹಾಗೇ ಕೂತಿತ್ತು. ಅದನ್ನೇ ನಂಬಿ ಯಾರಾದರೂ ದುಡ್ಡು ಹಾಕಲು ಹೋಗಿದ್ದರೆ? ನಾನು ಸಹಾಯ ವಿಭಾಗಕ್ಕೆ ಬರೆದೆ. ಹನ್ನೊಂದು ದಿನ ಬಿಟ್ಟು ಧನ್ಯವಾದ ಅಂತ ಒಂದು ಸಾಲು ಬಂತು. ಟೂರ್ನಿ ಆಗಲೇ ಮುಗಿದಿತ್ತು.

ನಿಯಮಗಳ ವಿಷಯ ಇನ್ನೊಂದು. ಆಟಗಾರರು ಪಂದ್ಯದ ಮಧ್ಯೆ ಬಿಟ್ಟು ಹೋದರೆ ಒಂದು ಕಂಪನಿಯಲ್ಲಿ ಮೊದಲ ಸೆಟ್ ಮುಗಿದಿದ್ದರೆ ಸಾಕು, ಇನ್ನೊಂದರಲ್ಲಿ ಪಂದ್ಯ ಪೂರ್ತಿ ಮುಗಿಯಬೇಕು. ಜ್ವೆರೆವ್ ಬಿದ್ದ ಆ ಸೆಮಿಫೈನಲ್‌ನಲ್ಲಿ ಮೊದಲ ಸೆಟ್ ಮುಗಿದಿತ್ತು, ಎರಡನೆಯದು 6-6. ಒಂದೇ ಪಂದ್ಯ, ಕಂಪನಿಯ ನಿಯಮ ನೋಡಿಕೊಂಡು ಎರಡು ಥರದ ಲೆಕ್ಕ. ದರ ಪಕ್ಕಪಕ್ಕ ಇಟ್ಟು ಹೋಲಿಸಿ ಅನ್ನುವ ಆಪ್ ಇದನ್ನೂ ಪಕ್ಕದಲ್ಲಿ ತೋರಿಸಬೇಕಲ್ವಾ?

ನನಗೆ ನಿಜಕ್ಕೂ ನೋವಾಗಿದ್ದು ಎರಡು ವರ್ಷದ ಹಿಂದಿನ ಅಪ್‌ಡೇಟ್. 30 ದಿನದ ಗೆರೆ ಏಳು ದಿನಕ್ಕೆ ಇಳಿಯಿತು. ಹಳೆಯ ವರ್ಷಗಳ ಪಟ್ಟಿಗಳನ್ನು ಪೂರ್ತಿ ಅಳಿಸಿದರು. ಆ ಜಾಗಕ್ಕೆ ಪ್ರತಿ ಹೆಸರಿನ ಪಕ್ಕ 'ಈಗಲೇ ಕಟ್ಟಿ' ಅನ್ನುವ ಹಸಿರು ಗುಂಡಿ ಬಂತು. ಗ್ರಾಫ್ ನೋಡಲು ಹೆಸರು ಒತ್ತಿದರೆ ಬೆರಳು ಅದಕ್ಕೇ ತಾಗುತ್ತದೆ, ಸೀದಾ ಕಂಪನಿಯ ಪುಟ ತೆರೆಯುತ್ತದೆ. ಆ ಗುಂಡಿಯನ್ನು ಮುಚ್ಚಿಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಏಳು ದಿನದ ಗೆರೆಯಲ್ಲಿ ರೋಮ್ ಕಾಣುತ್ತದೆ, ಮ್ಯಾಡ್ರಿಡ್ ಕಾಣುವುದಿಲ್ಲ. ರೋಮ್ ಒಂದನ್ನೇ ನೋಡಿ ತೀರ್ಮಾನಿಸಿದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಮೆಡ್ವೆಡೇವ್ ಸಾಕು. ರೋಮ್ ಗೆದ್ದು ಎರಡನೇ ಸೀಡ್ ಆಗಿ ಬಂದವರು ಮೊದಲ ಸುತ್ತಿನಲ್ಲೇ ಅರ್ಹತಾ ಸುತ್ತಿನಿಂದ ಬಂದ ಸೆಬೋತ್ ವೈಲ್ಡ್‌ಗೆ ಐದು ಸೆಟ್‌ಗಳಲ್ಲಿ ಸೋತರು. ಉದ್ದದ ಗೆರೆ ಇದ್ದರೆ ಆ ಏರಿಕೆ ಎಷ್ಟು ಹೊಸದು ಅಂತ ಕಣ್ಣಿಗೆ ಕಾಣುತ್ತದೆ.

ಹೆಸರಿನ ಮೇಲೆ ಬರುವ ದುಡ್ಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರಲ್ಲಿ ನಡಾಲ್ ಸೀಡ್ ಇಲ್ಲದೆ ಬಂದಾಗ ಅವರ ದರ, ಆ ವರ್ಷದ ಆಟ ನೋಡಿದರೆ ಇರಬೇಕಾದ್ದಕ್ಕಿಂತ ಕಡಿಮೆಯೇ ಇತ್ತು ಅಂತ ನನಗೆ ಅನಿಸಿತ್ತು. ಅದು ಪ್ರೀತಿಯ ದರ. ಮೊದಲ ಸುತ್ತಿನಲ್ಲೇ ಜ್ವೆರೆವ್ ಸಿಕ್ಕರು, ಮೂರು ಸೆಟ್‌ಗಳಲ್ಲಿ ಮುಗಿಯಿತು. ಫ್ರೆಂಚ್ ಓಪನ್‌ನಲ್ಲಿ ನಡಾಲ್ ಲೆಕ್ಕ 112 ಗೆಲುವು, 4 ಸೋಲು. ಆ ನಾಲ್ಕನೇ ಸೋಲಿನ ದಿನ ನಾನು ಆಪ್ ತೆರೆಯಲೇ ಇಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಅಪ್‌ಡೇಟ್‌ಗೆ ಮುಂಚೆ ಕೇಳಿದ್ದರೆ ನಾಲ್ಕೂವರೆ. ಪಟ್ಟಿ ಈಗಲೂ ಚೆನ್ನಾಗಿದೆ, ಅರ್ಧಗಳ ಪುಟ ತುಂಬಾ ಚೆನ್ನಾಗಿದೆ, ಹಾಗಾಗಿ ತೆಗೆದುಹಾಕುವುದಿಲ್ಲ. ಗೆರೆಯನ್ನು ನಾನೇ ಎಳೆದುಕೊಳ್ಳುತ್ತಿದ್ದೇನೆ: ಮಾಂಟೆ ಕಾರ್ಲೊ ಮುಗಿದ ದಿನದಿಂದ ವಾರಕ್ಕೆ ಎರಡು ಸಲ ಪಟ್ಟಿಯ ಸ್ಕ್ರೀನ್‌ಶಾಟ್, ಡ್ರಾ ಬೀಳುವ ದಿನ ಬೆಳಿಗ್ಗೆ ಒಂದು, ರಾತ್ರಿ ಒಂದು. 2025ರದ್ದು ಒಟ್ಟು ಹದಿನಾಲ್ಕು ಇವೆ. ಅದರ ಕೊನೆಯ ಮಹಿಳಾ ಪಟ್ಟಿಯಲ್ಲಿ ಸಬಲೆಂಕಾ, ಶ್ವಾಂಟೆಕ್ ಮೇಲೆ, ಕೊಕೊ ಗಾಫ್ ಅವರ ಕೆಳಗೆ. ಕೊನೆಗೆ ಗೆದ್ದ ಗಾಫ್ ಹೆಸರಿನ ಕೆಳಗೆ ಈಗ ಕೆಂಪು ಗೆರೆ ಇದೆ.